ಎರೆಯೊಡಲಿನ ನೀರು: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಒಣಬೇಸಾಯ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳನ್ನು ಮಳೆಯಿಲ್ಲದ ಸೀಮೆಯೆಂದು ಕರೆಯುವುದು ರೂಢಿಯಾಗಿಬಿಟ್ಟಿದೆ. ಈ ಮಾತು ಪೂರ್ಣ ಸತ್ಯವಲ್ಲ. ಕಲಬುರಗಿ ಜಿಲ್ಲೆಯ ಈ ಭಾಗದಲ್ಲಿ ವರ್ಷಕ್ಕೆ ಸರಾಸರಿ 700 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಹಸಿರಿಗೆ ಹೆಸರಾದ ಇಂಗ್ಲೆಂಡಿನ ರಾಜಧಾನಿ ಲಂಡನ್ನಿನಲ್ಲಿ ಬೀಳುವ ಮಳೆ ಇದಕ್ಕಿಂತ ಕಡಿಮೆಯೇ. ಆದರೆ ಅಲ್ಲಿಯ ಮಳೆ ಹನ್ನೆರಡು ತಿಂಗಳಿಗೂ ಹಂಚಿಕೊಂಡು ಸಣ್ಣ ಹನಿಯಾಗಿ ಬೀಳುತ್ತದೆ, ಬಿಸಿಲೂ ಮಂದ. ಇಲ್ಲಿಯದು ಮೃಗಶಿರದಿಂದ ಸ್ವಾತಿಯವರೆಗಿನ ಐದು ತಿಂಗಳ ವ್ಯವಹಾರ. ಅದರಲ್ಲಿಯೂ ಬಹುಪಾಲು ಕೆಲವೇ ದಿನಗಳ ಬಿರುಮಳೆಯಾಗಿ ಬಂದು ಹೋಗುತ್ತದೆ. ಸೆಪ್ಟೆಂಬರ್ ತಿಂಗಳೇ ಎಲ್ಲಕ್ಕಿಂತ ಹೆಚ್ಚು ಮಳೆಯ ತಿಂಗಳು. ಉಳಿದ ಕಾಲದಲ್ಲಿ ಬಿದ್ದ ಮಳೆಯ ಎರಡು ಪಟ್ಟಿಗೂ ಮಿಕ್ಕಿ ನೀರನ್ನು ಹೀರಿಬಿಡುವ ಬಿಸಿಲು ತಲೆಯ ಮೇಲಿರುತ್ತದೆ. ಆದ್ದರಿಂದ ಈ ಸೀಮೆಯ ಒಕ್ಕಲಿಗನ ಮುಂದಿರುವ ಪ್ರಶ್ನೆ ಮಳೆ ಎಷ್ಟು ಬಿತ್ತೆಂಬುದಕ್ಕಿಂತ ಬಿದ್ದ ಮಳೆಯಲ್ಲಿ ಎಷ್ಟು ಹೊಲದಲ್ಲಿ ಉಳಿಯಿತೆಂಬುದೇ ಆಗಿದೆ.

ಭೀಮಾ ನದಿ ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳಲ್ಲಿ ಹರಿಯುತ್ತದೆ. ಆಳಂದದ ಅಮರ್ಜಾ ಹೊಳೆ ಗಾಣಗಾಪುರದ ಬಳಿ ಅದನ್ನು ಕೂಡುತ್ತದೆ. ಅಮರ್ಜಾ ಜಲಾಶಯ, ಭೀಮೆಗೆ ಸೊನ್ನದಲ್ಲಿ ಕಟ್ಟಿದ ಬ್ಯಾರೇಜು, ನಾರಾಯಣಪುರ ಎಡದಂಡೆಯಿಂದ ಜೇವರ್ಗಿಯ ಕಡೆಗೆ ಬಂದ ಕಾಲುವೆ ಇವೆಲ್ಲ ಇದ್ದರೂ ನೀರು ತಲುಪದ ಎತ್ತರದ ಹೊಲಗಳೇ ಅಧಿಕ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಗ್ರಾಮಗಳನ್ನು ಮುಳುಗಿಸಿತು. ಮೂರೇ ವರ್ಷಗಳ ತರುವಾಯ, 1901ರಿಂದೀಚೆಗೆ ದೇಶ ಕಾಣದಷ್ಟು ಒಣ ಆಗಸ್ಟ್ ಬಂದ 2023ರಲ್ಲಿ, ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ನದಿ ತುಂಬಿ ಹರಿದ ವರ್ಷದಲ್ಲಿಯೂ ಅದರಿಂದ ನಾಲ್ಕು ಮೈಲು ದೂರದ ಮಡ್ಡಿಯ ಹೊಲಕ್ಕೆ ದಕ್ಕುವುದು ತನ್ನ ಮೇಲೆ ಬಿದ್ದ ಮಳೆಯಷ್ಟೇ.

ಆ ಮಳೆಯನ್ನು ಹಿಡಿದಿಡುವ ಪಾತ್ರೆಯೆಂದರೆ ಮಣ್ಣು. ಮೂರೂ ತಾಲೂಕುಗಳ ಮಣ್ಣನ್ನು ಕಪ್ಪುಮಣ್ಣೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದುಂಟು. ಬೇಸಾಯದ ದೃಷ್ಟಿಯಿಂದ ಇದರಷ್ಟು ಹಾದಿ ತಪ್ಪಿಸುವ ಮಾತು ಮತ್ತೊಂದಿಲ್ಲ. ಆಳಂದದ ಏರುಭೂಮಿಯಲ್ಲಿ ಅನೇಕ ಕಡೆ ಗೇಣುದ್ದ ಮಣ್ಣಿನ ಕೆಳಗೆ ಗರಸು, ಅದರ ಕೆಳಗೆ ಕರಿಗಲ್ಲು. ಅಲ್ಲಿಂದ ಇಳಿದು ಹಳ್ಳದ ಕಡೆಗೆ ಬಂದಂತೆ ಮಣ್ಣಿನ ಆಳ ಹೆಚ್ಚುತ್ತದೆ. ಅಫಜಲಪುರ, ಜೇವರ್ಗಿಗಳ ತಗ್ಗಿನಲ್ಲಿ ಆಳೆತ್ತರ ಅಗೆದರೂ ಮುಗಿಯದ ಎರೆ ಸಿಗುತ್ತದೆ. ಜೇವರ್ಗಿಯ ಕೆಲಭಾಗದಲ್ಲಿ ಅದರ ಅಡಿಗೆ ಶಹಾಬಾದ ಕಲ್ಲೆಂದು ಹೆಸರಾದ ಸುಣ್ಣಗಲ್ಲಿನ ಪದರಗಳೂ ಇವೆ. ಒಂದೇ ಸರ್ವೆ ನಂಬರಿನ ಮೇಲ್ತುದಿಯಲ್ಲಿ ಮಡ್ಡಿ, ಕೆಳತುದಿಯಲ್ಲಿ ಎರೆ ಇರುವುದು ಇಲ್ಲಿ ಸಾಮಾನ್ಯ.

ಆಳದ ಮಹತ್ವವೇನೆಂಬುದನ್ನು ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಎಕರೆಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ಒಂದು ಮೀಟರ್ ಆಳದ ಒಳ್ಳೆಯ ಎರೆಭೂಮಿ ಬೆಳೆಗೆ ದಕ್ಕುವಂಥ ನೀರನ್ನು 150 ಮಿಲಿಮೀಟರಿನಷ್ಟಾದರೂ ತನ್ನಲ್ಲಿ ಇಟ್ಟುಕೊಳ್ಳಬಲ್ಲದು. ಎಂದರೆ ಎಕರೆಗೆ 6 ಲಕ್ಷ ಲೀಟರ್. ಇದಕ್ಕೆ ಪ್ರತಿಯಾಗಿ 12 ಮೀಟರ್ ಚೌಕ, 3 ಮೀಟರ್ ಆಳದ ಒಂದು ಕೃಷಿಹೊಂಡವನ್ನು ಇಳಿಜಾರು ಗೋಡೆಯಿಟ್ಟು ತೋಡಿದರೆ ಅದರಲ್ಲಿ ಹಿಡಿಯುವ ನೀರು 2 ಲಕ್ಷ ಲೀಟರಿಗೂ ತುಸು ಕಡಿಮೆ. ಕಣ್ಣಿಗೆ ಕಾಣುವ ಹೊಂಡಕ್ಕಿಂತ ಮೂರು ಪಟ್ಟು ದೊಡ್ಡದಾದ ಹೊಂಡವೊಂದು ಪ್ರತಿ ಎಕರೆಯ ಕೆಳಗೆ ಆಗಲೇ ತೋಡಿಟ್ಟಂತೆ ಇದೆ. ಅದನ್ನು ತುಂಬಿಸಿಕೊಳ್ಳುವುದೇ ಒಣಬೇಸಾಯದ ಮೊದಲ ಕೆಲಸ. ಗೇಣುದ್ದ ಮಣ್ಣಿನ ಮಡ್ಡಿಗೆ ಈ ಭಾಗ್ಯವಿಲ್ಲ. ಅಲ್ಲಿ ನೀರನ್ನು ಬೇರೆ ಬಗೆಯಲ್ಲಿ ನಡೆಸಬೇಕಾಗುತ್ತದೆ.

ಆದರೆ ಎರೆಯ ಸ್ವಭಾವ ವಿಚಿತ್ರವಾದುದು. ಅದರ ಜೇಡಿಕಣಗಳು ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಎತ್ತಿನ ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳು ಬಾಯ್ದೆರೆದಿರುತ್ತವೆ. ಮೊದಲ ಮಳೆ ಈ ಬಿರುಕುಗಳಿಂದ ಸಲೀಸಾಗಿ ಒಳಗೆ ಹೋಗುತ್ತದೆ. ಅನಂತರ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಿತೆಂದರೆ ನೀರು ಇಂಗುವ ವೇಗ ಕುಂಠಿತವಾಗುತ್ತದೆ. ಪೂರ್ತಿ ನೆನೆದ ಎರೆಯೊಳಗೆ ಒಂದು ತಾಸಿಗೆ ಒಂದು ಮಿಲಿಮೀಟರ್ ನೀರು ಇಳಿಯುವುದೂ ಕಷ್ಟ. ಅಂಥ ಹೊತ್ತಿನಲ್ಲಿ ಬಿರುಮಳೆ ಬಿದ್ದರೆ ಅದು ಮೇಲ್ಮಣ್ಣನ್ನು ಕರಗಿಸಿಕೊಂಡು ಹಳ್ಳಕ್ಕೆ ಸೇರುತ್ತದೆ. ಹಿಂಗಾರಿ ಜೋಳಕ್ಕೆಂದು ಮುಂಗಾರಿನಲ್ಲಿ ಹೊಲವನ್ನು ಬೀಳು ಬಿಟ್ಟು ಹರಗುತ್ತ ಇರುವ ಪದ್ಧತಿ ಈ ಸೀಮೆಯಲ್ಲಿ ಪ್ರಾಚೀನವಾದುದು. ಕಸವಿಲ್ಲದ ಹೊಲ ನೋಡಲು ಅಂದವಾಗಿರುತ್ತದೆ, ತೇವವೂ ಕಳೆಗೆ ಹೋಗದೆ ಉಳಿಯುತ್ತದೆ. ಆದರೆ ಆಷಾಢ-ಶ್ರಾವಣದ ಮಳೆಗೆ ಬರಿಮೈ ಒಡ್ಡಿ ಕುಳಿತ ಮಣ್ಣು ಕೊಚ್ಚಿಹೋಗುವುದೂ ಈ ಹೊತ್ತಿನಲ್ಲಿಯೇ.

ಈ ಸಮಸ್ಯೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸುವ ಕಾರ್ಯ ಸುತ್ತಲಿನ ಸೀಮೆಯಲ್ಲಿ ಸುಮಾರು ತೊಂಬತ್ತು ವರ್ಷಗಳ ಹಿಂದೆ ಮೊದಲಾಯಿತು. 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ಹಗರಿ ಮತ್ತು ರಾಯಚೂರುಗಳಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ತೆರೆದವು. ಇವುಗಳಲ್ಲಿ ಸೊಲ್ಲಾಪುರ ಆಳಂದ-ಅಫಜಲಪುರಗಳ ನೆರೆಯದೇ. ಅಲ್ಲಿಯ ಎರೆಯೂ ಇಲ್ಲಿಯ ಎರೆಯೂ ಒಂದೇ ತಾಯಿಯ ಮಕ್ಕಳು. ಎನ್. ವಿ. ಕಾನಿಟಕರ ಮೊದಲಾದವರ ದುಡಿಮೆಯಿಂದ ರೂಪುಗೊಂಡ ಈ ಕ್ರಮಕ್ಕೆ ‘ಮುಂಬಯಿ ಒಣಬೇಸಾಯ ಪದ್ಧತಿ’ ಎಂಬ ಹೆಸರಾಯಿತು. ಬದು ಹಾಕುವುದು, ಕೆಲವು ವರ್ಷಗಳಿಗೊಮ್ಮೆ ಆಳವಾಗಿ ರಂಟೆ ಹೊಡೆಯುವುದು, ಮಳೆಗಾಲದಲ್ಲಿ ಮೇಲಿಂದ ಮೇಲೆ ಹರಗುವುದು, ಬೀಜ ಕಡಿಮೆ ಮಾಡಿ ಸಾಲುಗಳ ನಡುವೆ ಅಂತರ ಹೆಚ್ಚಿಸುವುದು, ಬೆಳೆಯಲ್ಲಿ ಎಡೆ ಹೊಡೆದು ಬಿರುಕು ಮುಚ್ಚುವುದು ಇದರ ಸಾರ. ಸೊಲ್ಲಾಪುರ ಸೀಮೆಯ ಮೋಹೋಳದಲ್ಲಿ ಅದೇ ದಶಕದಲ್ಲಿ ಆಯ್ಕೆಯಾದ ಎಂ 35-1, ಜನರ ಬಾಯಲ್ಲಿ ಮಾಲದಂಡಿ, ಇಂದಿಗೂ ಹಿಂಗಾರಿ ಜೋಳದ ಹೊಲಗಳಲ್ಲಿ ಇದೆ. ತೊಂಬತ್ತು ವರ್ಷ ಬದುಕಿದ ತಳಿಗಳು ಹೆಚ್ಚಿಲ್ಲ.

ಈ ಶಿಫಾರಸುಗಳಲ್ಲಿ ಬದುವಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಸಮಪಾತಳಿಯ ಗೆರೆ ಹಿಡಿದು ಹೊಲದ ಅಡ್ಡಕ್ಕೆ ಮಣ್ಣಿನ ಒಡ್ಡು ಹಾಕಿ ನೀರನ್ನು ಪೂರ್ತಿ ತಡೆಯುವುದೇ ಸರ್ವರೋಗಕ್ಕೂ ಮದ್ದೆಂದು ಬಹುಕಾಲ ನಂಬಲಾಗಿತ್ತು. ಬರಗಾಲದ ಪರಿಹಾರ ಕಾಮಗಾರಿಗಳಲ್ಲಿ, ಮುಖ್ಯವಾಗಿ 1972ರ ಬರದ ಕಾಲದಲ್ಲಿ, ಇಂಥ ಒಡ್ಡುಗಳು ಹೇರಳವಾಗಿ ಬಿದ್ದವು. ಹಸಿದ ಕೈಗಳಿಗೆ ಕೆಲಸ ದೊರೆಯಿತೆಂಬ ಮಟ್ಟಿಗೆ ಅದು ಪುಣ್ಯಕಾರ್ಯವೇ ಸರಿ. ಆದರೆ ಆಳದ ಎರೆಯಲ್ಲಿ ಈ ಒಡ್ಡುಗಳು ನಿಲ್ಲಲಿಲ್ಲ. ಬೇಸಿಗೆಯಲ್ಲಿ ಒಡ್ಡೇ ಬಿರಿಯುತ್ತದೆ. ಮಳೆ ಬಂದಾಗ ಆ ಬಿರುಕಿನಲ್ಲಿ ನೀರು ಹೊಕ್ಕು ಒಡ್ಡು ಒಡೆಯುತ್ತದೆ. ಒಂದು ಒಡ್ಡು ಒಡೆದರೆ ಅದರ ಕೆಳಗಿನವು ಸಾಲಾಗಿ ಹೋಗುತ್ತವೆ. ಒಡೆಯದೆ ನಿಂತಲ್ಲಿ ನೀರು ಹತ್ತು ದಿನ ನಿಂತು ಒಡ್ಡಿನ ಮೇಲ್ಬದಿಯ ಬೆಳೆ ಹಳದಿಗಟ್ಟುತ್ತದೆ. ಆದ್ದರಿಂದಲೇ ಆಳದ ಎರೆಗೆ ಸ್ವಲ್ಪ ಇಳಿಜಾರು ಕೊಟ್ಟ ಬದು ಹಾಕಿ, ಹೆಚ್ಚಾದ ನೀರು ಹುಲ್ಲು ಬೆಳೆದ ಕಾಲುವೆಯ ಮೂಲಕ ಮೆಲ್ಲನೆ ಹೊರಗೆ ಹೋಗುವಂತೆ ಕಲ್ಲಿನ ಕೋಡಿ ಕಟ್ಟಬೇಕೆಂಬ ಶಿಫಾರಸು ಮುಂದೆ ಬಂದಿತು. ಆಳಂದದ ಗರಸು ಭೂಮಿಯ ಮಾತು ಬೇರೆ. ಅಲ್ಲಿ ನೀರು ಬೇಗ ಇಂಗುತ್ತದೆ, ಒಡ್ಡು ಬಿರಿಯುವುದಿಲ್ಲ. ಸಮಪಾತಳಿಯ ಒಡ್ಡು ಮತ್ತು ಕಂದಕಗಳು ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಇಂಗಿದ ನೀರು ಶಿಥಿಲವಾದ ಕರಿಗಲ್ಲಿನ ಸಂದುಗಳಲ್ಲಿ ಇಳಿದು ತಗ್ಗಿನ ಬಾವಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮಡ್ಡಿಯ ಒಡ್ಡಿನ ಫಲ ಮಡ್ಡಿಯವನಿಗಿಂತ ಕೆಳಗಿನವನಿಗೇ ಹೆಚ್ಚು ದಕ್ಕುವುದೆಂಬ ಈ ಸಂಗತಿಯನ್ನು ಯೋಜನೆ ಮಾಡುವವರು ಮರೆಯಬಾರದು.

ಬದುಗಳ ನಡುವಿನ ಜಾಗದಲ್ಲಿ ಬಿದ್ದ ಹನಿಯನ್ನು ಬಿದ್ದಲ್ಲಿಯೇ ನಿಲ್ಲಿಸುವ ಸುಲಭೋಪಾಯವೆಂದರೆ ಚೌಕು ಮಡಿ. ವಿಜಾಪುರ ಕೇಂದ್ರದ ಪ್ರಯೋಗಗಳಿಂದ ಇದು ಈ ಭಾಗದ ಹಿಂಗಾರಿ ಹೊಲಗಳಿಗೆ ಬಹಳ ಒಪ್ಪುವುದೆಂದು ಸಿದ್ಧವಾಗಿದೆ. ಬೀಳುಬಿಟ್ಟ ಹೊಲದಲ್ಲಿ ಜುಲೈ ತಿಂಗಳ ಹೊತ್ತಿಗೆ ಎತ್ತಿನಿಂದ ಎಳೆಯುವ ಮಡಿ ಕಟ್ಟುವ ಸಾಧನದಿಂದ ಉದ್ದಕ್ಕೂ ಅಡ್ಡಕ್ಕೂ ಗೇಣೆತ್ತರದ ದಿಂಡುಗಳನ್ನು ಎಬ್ಬಿಸಬೇಕು. ಇಳಿಜಾರು ಕಡಿಮೆಯಿದ್ದಲ್ಲಿ ಸುಮಾರು 15 ಅಡಿ ಚೌಕದ, ಹೆಚ್ಚಿದ್ದಲ್ಲಿ 10 ಅಡಿ ಚೌಕದ ಮಡಿಗಳು ಸಾಕು. ಹೊಲವೆಲ್ಲ ಚದುರಂಗದ ಹಾಸಿನಂತೆ ಆಗುತ್ತದೆ. ಒಂದೊಂದು ಮಡಿಯೂ ತನ್ನ ಪಾಲಿನ ಮಳೆಯನ್ನು ತಾನೇ ಕುಡಿಯುತ್ತದೆ. ಒಂದು ಬಿರುಮಳೆಯಲ್ಲಿ ಹರಿದುಹೋಗಬಹುದಾಗಿದ್ದ 25 ಮಿಲಿಮೀಟರ್ ನಿಂತರೂ ಎಕರೆಗೆ 1 ಲಕ್ಷ ಲೀಟರ್ ಉಳಿಯಿತೆಂದು ತಿಳಿಯಬೇಕು. ಬಿತ್ತನೆಯ ಮುಂಚೆ ಹರಗಿದರೆ ದಿಂಡುಗಳು ತಾವಾಗಿಯೇ ಒಡೆದು ನೆಲ ಸಮನಾಗುತ್ತದೆ. ಖರ್ಚು ಎರಡು ಎತ್ತು, ಇಬ್ಬರು ಆಳುಗಳ ದುಡಿಮೆ ಮಾತ್ರ. ಇಷ್ಟು ಅಗ್ಗವಾದ ಕೆಲಸ ಇಷ್ಟು ಕಡಿಮೆ ಹೊಲಗಳಲ್ಲಿ ಕಾಣುವುದೇಕೆಂಬುದಕ್ಕೆ ಉತ್ತರ ಆ ‘ಎರಡು ಎತ್ತು’ಗಳಲ್ಲಿಯೇ ಇದೆ, ಅದು ಮುಂದೆ ಬರುತ್ತದೆ.

ಬೀಳು ಬಿಡುವುದೇ ಬೇಡ, ಮುಂಗಾರಿನಲ್ಲಿಯೂ ಎರೆಯನ್ನು ಬಿತ್ತಿ ಮಣ್ಣಿಗೆ ಹಸಿರು ಹೊದಿಸಬೇಕೆಂಬುದು ಇನ್ನೊಂದು ಮತ. 1972ರಲ್ಲಿ ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್, ಅಗಲವಾದ ಏರುಮಡಿ ಮತ್ತು ಅದರ ಪಕ್ಕದ ಸಾಲುಕಾಲುವೆಗಳ ಪದ್ಧತಿಯನ್ನು 1976ರಿಂದ ಎರೆಭೂಮಿಯಲ್ಲಿ ನಡೆಸಿಕೊಂಡು ಬಂದಿತು. ದಶಕಗಳ ಸರಾಸರಿಯಲ್ಲಿ ಸುಧಾರಿತ ಕ್ರಮದಿಂದ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 5 ಟನ್ ಕಾಳು, ಮುಂಗಾರಿನಲ್ಲಿ ಬೀಳುಬಿಡುವ ಹಳೆಯ ಕ್ರಮದಿಂದ ಸುಮಾರು 1 ಟನ್ ಕಾಳು ದೊರಕಿತು. ಮಣ್ಣಿನ ಕೊಚ್ಚಣೆಯೂ ಬಹಳಷ್ಟು ತಗ್ಗಿತು. ಈ ಅಂಕಿಗಳು ಯಾರನ್ನಾದರೂ ಮರುಳು ಮಾಡುವಂಥವು. ಆದರೆ ಅಲ್ಲಿಯ ಮುಂಗಾರು ಹೆಚ್ಚು ನಂಬಿಕೆಯದು. ಜತೆಗೆ ಗೊಬ್ಬರ, ಉತ್ತಮ ಬೀಜ, ಸಕಾಲದ ಯಂತ್ರ ಎಲ್ಲವೂ ಕೈಗೆ ಸಿಕ್ಕುವ ಕ್ಷೇತ್ರವದು. ಜುಲೈ-ಆಗಸ್ಟಿನಲ್ಲಿ ಮೂರು ವಾರ ಮುಗಿಲು ನೋಡುತ್ತ ಕೂಡಬೇಕಾದ ಜೇವರ್ಗಿಯ ಒಕ್ಕಲಿಗ ಅದನ್ನು ಹಾಗೆಯೇ ಎತ್ತಿ ತನ್ನ ಹೊಲದಲ್ಲಿ ಇಡುವಂತಿಲ್ಲ. ಏರುಮಡಿಯ ತತ್ತ್ವವನ್ನು ಮಾತ್ರ ಆತ ತೊಗರಿಯಲ್ಲಿ ಬಳಸಬಹುದು. ತೊಗರಿಯ ಸಾಲುಗಳ ನಡುವೆ ಎಡೆ ಹೊಡೆಯುವಾಗಲೇ ಸಾಲು ತೆಗೆದರೆ ಕಡಿಮೆ ಮಳೆಯಲ್ಲಿ ಅದು ನೀರು ಹಿಡಿಯುತ್ತದೆ, ಅತಿಮಳೆಯಲ್ಲಿ ಬಸಿದು ಹೊರಹಾಕುತ್ತದೆ. ನಿಂತ ನೀರನ್ನು ತೊಗರಿ ಸಹಿಸುವುದಿಲ್ಲ.

ತೊಗರಿಯ ಮಾತು ಬಂದ ಮೇಲೆ ಈ ಸೀಮೆಯ ಬೇಸಾಯದಲ್ಲಿ ಆದ ದೊಡ್ಡ ಪಲ್ಲಟವನ್ನು ಹೇಳದೆ ಮುಂದೆ ಹೋಗಲಾಗದು. ಹಿಂದೆ ಮುಂಗಾರಿಯಲ್ಲಿ ಹೆಸರು, ಉದ್ದು, ಸಜ್ಜೆ, ಅಕ್ಕಡಿಯಾಗಿ ತೊಗರಿ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ, ಅಗಸೆ ಹೀಗೆ ಹೊಲ ಹಲವು ಬೆಳೆಗಳಿಂದ ಕೂಡಿರುತ್ತಿತ್ತು. ಎಳ್ಳಮಾಸಿಯಂದು ಚರಗ ಚೆಲ್ಲಲು ಹೊಲಕ್ಕೆ ಹೋಗುವ ಮನೆಮಂದಿ ಉಣ್ಣುವ ಭಜ್ಜಿಯಲ್ಲಿ ಆ ಹೊಲದ ಬೆಳೆಗಳೆಲ್ಲ ಬೆರೆತಿರುತ್ತಿದ್ದವು. ಇಂದು ತೊಗರಿಯೇ ತೊಗರಿ. ಜಿಲ್ಲೆಗೆ ತೊಗರಿಯ ಕಣಜವೆಂಬ ಬಿರುದು ಬಂದಿದೆ. 2019ರಲ್ಲಿ ಇಲ್ಲಿಯ ತೊಗರಿಬೇಳೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರಕಿತು. ರೊಕ್ಕದ ಬೆಳೆಯನ್ನು ಬಿತ್ತಿದ್ದಕ್ಕಾಗಿ ಒಕ್ಕಲಿಗನನ್ನು ಯಾರೂ ದೂರುವಂತಿಲ್ಲ. ತೊಗರಿಯೂ ಮಣ್ಣಿನ ವೈರಿಯಲ್ಲ: ಅದರ ತಾಯಿಬೇರು ಆಳಕ್ಕಿಳಿಯುತ್ತದೆ, ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿಯುತ್ತದೆ, ಉದುರಿದ ಎಲೆ ನೆಲಕ್ಕೆ ಗೊಬ್ಬರವಾಗುತ್ತದೆ. ತೊಂದರೆಯಿರುವುದು ಅದನ್ನೊಂದನ್ನೇ ವರ್ಷ ವರ್ಷವೂ ಬಿತ್ತುವುದರಲ್ಲಿ. ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ, ಹಳೆಯ ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಈ ರೋಗವನ್ನು ತಡೆಯುವ ‘ಮಾರುತಿ’ ತಳಿ 1986ರಲ್ಲಿ ಬಂದು ಬಹಳ ಜನರನ್ನು ಉಳಿಸಿತು. ಆದರೂ 2022ರ ಹಂಗಾಮಿನಲ್ಲಿ ರೋಗ ಜಿಲ್ಲೆಯಲ್ಲಿ ಮತ್ತೆ ವ್ಯಾಪಕವಾಗಿ ತಲೆಯೆತ್ತಿತು. ಜೋಳದೊಡನೆ ಬೆರೆಸಿ ಬಿತ್ತಿದ ತೊಗರಿಯಲ್ಲಿ ನೆಟೆ ಕಡಿಮೆಯೆಂಬುದು ಪ್ರಯೋಗಗಳಿಂದ ತಿಳಿದುಬಂದ ಸಂಗತಿ. ಅಕ್ಕಡಿ ಹಾಕುತ್ತಿದ್ದ ಹಿರಿಯರಿಗೆ ಶಿಲೀಂಧ್ರದ ಹೆಸರು ಗೊತ್ತಿರದಿದ್ದರೂ ಅದರ ಉಪಾಯ ಕೈಯಲ್ಲಿತ್ತು.

ಜೋಳ ಹಿಂದೆ ಸರಿದುದರ ಪರಿಣಾಮ ಅಲ್ಲಿಗೇ ನಿಲ್ಲಲಿಲ್ಲ. ಜೋಳ ಹೋದರೆ ಕಣಿಕೆ ಹೋಯಿತು. ಕಣಿಕೆ ಹೋದರೆ ಎತ್ತು ಸಾಕುವುದು ಭಾರವಾಯಿತು. ಎತ್ತು ಹೋದರೆ ತಿಪ್ಪೆಯೂ ಹೋಯಿತು. ತಿಪ್ಪೆಗೊಬ್ಬರ ಕಾಣದ ಎರೆ ಹೆಂಟೆಗಟ್ಟುತ್ತದೆ, ಅದರಲ್ಲಿ ನೀರು ಇಂಗುವುದು ಇನ್ನೂ ನಿಧಾನವಾಗುತ್ತದೆ. ರಾಜ್ಯ ಸರ್ಕಾರವು ಇಕ್ರಿಸ್ಯಾಟಿನೊಡನೆ 2009ರಲ್ಲಿ ಆರಂಭಿಸಿದ ‘ಭೂಚೇತನ’ ಕಾರ್ಯಕ್ರಮದಲ್ಲಿ ಮಣ್ಣು ಪರೀಕ್ಷಿಸಿದಾಗ ಗಂಧಕ, ಸತು ಮತ್ತು ಬೋರಾನುಗಳ ಕೊರತೆ ರಾಜ್ಯದ ಒಣಭೂಮಿಗಳಲ್ಲಿ ವ್ಯಾಪಕವಾಗಿರುವುದು ಕಂಡಿತು. ಈ ಕೊರತೆಯನ್ನು ಚೀಲದ ಗೊಬ್ಬರದಿಂದ ತುಂಬಬಹುದು. ಮಣ್ಣಿನ ಮೆದುತನವನ್ನು ತುಂಬಲಾಗದು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದುದರಿಂದ ಕೆಲಸ ಬೇಗ ಆಗುತ್ತದೆಂಬುದು ನಿಜ. ಆದರೆ ತುಂಡುಹೊಲದಲ್ಲಿ ತಿರುಗಲು ಅದಕ್ಕೆ ಬದು ಅಡ್ಡಬರುತ್ತದೆ. ಅಜ್ಜ ಹಾಕಿದ ಬದುವನ್ನು ಮೊಮ್ಮಗ ಒಂದು ಮಧ್ಯಾಹ್ನದಲ್ಲಿ ಉತ್ತು ನೆಲಸಮ ಮಾಡಿದ ಹೊಲಗಳು ಅನೇಕ. ಟ್ರ್ಯಾಕ್ಟರನ್ನು ಇಳಿಜಾರಿನ ಅಡ್ಡಕ್ಕೆ ನಡೆಸಿದರೆ ಪ್ರತಿಯೊಂದು ಸಾಲೂ ಒಂದು ಸಣ್ಣ ಒಡ್ಡಾಗುತ್ತದೆ, ಇಳಿಜಾರಿನ ಉದ್ದಕ್ಕೆ ನಡೆಸಿದರೆ ಪ್ರತಿಯೊಂದು ಸಾಲೂ ಒಂದು ಕಾಲುವೆಯಾಗುತ್ತದೆ. ಇದಕ್ಕೆ ಬಾಡಿಗೆಯಲ್ಲಿ ಒಂದು ರೂಪಾಯಿಯ ವ್ಯತ್ಯಾಸವೂ ಇಲ್ಲ.

ಬದು ಒಬ್ಬನ ಸ್ವತ್ತಲ್ಲವೆಂಬುದೇ ಅದರ ದೊಡ್ಡ ತೊಡಕು. ನೀರಿನ ಇಳಿಜಾರು ಸರ್ವೆ ಕಲ್ಲುಗಳನ್ನು ಕೇಳಿ ನಡೆಯುವುದಿಲ್ಲ. ಅಣ್ಣತಮ್ಮಂದಿರ ಪಾಲುಪಟ್ಟಿಯಾದಾಗ ಹೊಲಗಳು ಮಾತ್ರ ಉದ್ದುದ್ದ ಪಟ್ಟಿಗಳಾಗಿ ಒಡೆಯುತ್ತವೆ. ಸಮಪಾತಳಿಯ ಬದು ಒಬ್ಬನ ಹೊಲವನ್ನು ಓರೆಯಾಗಿ ಸೀಳಿಕೊಂಡು ಹೋಗುತ್ತದೆಂದು ಒಕ್ಕಲಿಗರು ಅದನ್ನು ಒಪ್ಪದೆ, ಹದ್ದಿನ ಮೇಲೆಯೇ ಬದು ಬೇಕೆಂದು ಕೇಳುವುದು ಸಹಜ. ಮೇಲಿನವನ ಕೋಡಿಯ ನೀರು ಕೆಳಗಿನವನ ಬೆಳೆಯ ಮೇಲೆ ಬಿದ್ದರೆ ಜಗಳ. 1980ರ ದಶಕದ ಮಧ್ಯದಲ್ಲಿ ರಾಜ್ಯ ಸರ್ಕಾರ, ಮೈರಾಡ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಅಭಿವೃದ್ಧಿ ಸಂಸ್ಥೆ ಕೂಡಿ ಕಲಬುರಗಿ ಜಿಲ್ಲೆಯಲ್ಲಿಯೇ ಕೈಗೊಂಡ ಜಲಾನಯನ ಕಾರ್ಯದಿಂದ ಕಲಿಯಬೇಕಾದುದು ಇಲ್ಲಿದೆ. ನಕ್ಷೆಯನ್ನು ಕಚೇರಿಯಲ್ಲಿ ಬರೆಯದೆ, ಒಂದೇ ಹಳ್ಳಕ್ಕೆ ನೀರು ಹರಿಸುವ ಹೊಲದವರೆಲ್ಲ ಕೂಡಿ ನೆಲದ ಮೇಲೆಯೇ ಬರೆದು, ಎಲ್ಲಿ ಬದು, ಎಲ್ಲಿ ಕೋಡಿ, ಯಾರ ದುಡಿಮೆ ಎಷ್ಟು ಎಂಬುದನ್ನು ತಾವೇ ನಿಶ್ಚಯಿಸುವ ಪದ್ಧತಿಗೆ ಅಲ್ಲಿ ಒತ್ತು ದೊರೆಯಿತು. ಹಾಗೆ ಒಪ್ಪಿ ಹಾಕಿದ ಬದು ವಾರೆಯಾಗಿದ್ದರೂ ಉಳಿಯುತ್ತದೆ. ಒಪ್ಪದೆ ಹಾಕಿದ ಬದು ಎಷ್ಟು ಶಾಸ್ತ್ರಶುದ್ಧವಾಗಿದ್ದರೂ ಮರುವರ್ಷ ಇರುವುದಿಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಮುಂದೆ ಬಿದ್ದ ಬದುಗಳಿಗೂ ಈ ಮಾತು ಸಲ್ಲುತ್ತದೆ.

ಕೃಷಿಹೊಂಡವನ್ನು ಹಳಿಯುವುದು ಮೇಲಿನ ಲೆಕ್ಕದ ಉದ್ದೇಶವಲ್ಲ. 2014ರಲ್ಲಿ ಆರಂಭವಾದ ‘ಕೃಷಿಭಾಗ್ಯ’ ಯೋಜನೆಯಿಂದ ಹೊಂಡಗಳು ಎಲ್ಲೆಡೆ ಪರಿಚಿತವಾದವು. ಚೌಕು ಮಡಿ ತುಂಬಿ ಮಿಕ್ಕ ನೀರಿಗೆ ಹೊಂಡ ಒಳ್ಳೆಯ ತಾಣ. ಹೂವಾಡುವ ತೊಗರಿಗೋ ತೆನೆ ಕಟ್ಟುವ ಜೋಳಕ್ಕೋ ಅದರಿಂದ ಒಂದು ಸಲ ನೀರುಣಿಸಿದರೆ ಎಕರೆಯಷ್ಟು ಬೆಳೆ ಉಳಿದೀತು. ಎರೆಯಲ್ಲಿ ಹೊಂಡದ ಗೋಡೆಯನ್ನು ನೆಟ್ಟಗೆ ಕಡಿಯಬಾರದು, ಕುಸಿಯುತ್ತದೆ. ನೀರು ಒಳಬರುವ ಬಾಯಿಯಲ್ಲಿ ಹೂಳು ತಂಗುವ ಗುಂಡಿಯೊಂದನ್ನು ಇಡದಿದ್ದರೆ ನಾಲ್ಕೈದು ವರ್ಷಗಳಲ್ಲಿ ಹೊಂಡವೇ ಹೊಲವಾಗುತ್ತದೆ. ಇನ್ನು ಕಾಲುವೆಯ ನೀರು ಸಿಕ್ಕಿತೆಂದು ಎರೆಗೆ ಮನಬಂದಂತೆ ಹಾಯಿಸಿದವರ ಹೊಲಗಳು ಸವಳಾಗಿ ಬಿಳಿಚಿಕೊಂಡುದನ್ನು ಕೃಷ್ಣಾ ಅಚ್ಚುಕಟ್ಟಿನಲ್ಲಿ ಯಾರು ಬೇಕಾದರೂ ಹೋಗಿ ನೋಡಬಹುದು.

ಸೆಪ್ಟೆಂಬರಿನ ಕೊನೆಗೆ ಉತ್ತರೆ ಮುಗಿದು ಹಸ್ತ ಹಿಡಿಯುವ ಹೊತ್ತಿಗೆ ಹಿಂಗಾರಿಯ ನಿರ್ಧಾರ ಎದುರಿಗೆ ನಿಲ್ಲುತ್ತದೆ. ಆಗ ಮುಗಿಲು ನೋಡುವುದಕ್ಕಿಂತ ನೆಲ ನೋಡುವುದು ಮೇಲು. ಬೆರಳು ಗಾತ್ರದ ಕಬ್ಬಿಣದ ಸಲಾಕೆಯೊಂದನ್ನು ಹೊಲದ ಐದಾರು ಕಡೆ ಒತ್ತಿ ನೋಡಬೇಕು. ಹಸಿಮಣ್ಣಿನಲ್ಲಿ ಅದು ಸಲೀಸಾಗಿ ಇಳಿಯುತ್ತದೆ, ಒಣಮಣ್ಣು ತಾಗಿದಲ್ಲಿ ನಿಲ್ಲುತ್ತದೆ. ಮೂರು ಅಡಿಯವರೆಗೆ ಇಳಿದರೆ ಜೋಳದ ಕೂರಿಗೆ ಹೂಡಬಹುದು. ಎರಡು ಅಡಿಯೊಳಗೆ ನಿಂತರೆ, ಅಥವಾ ಚಿತ್ತೆ ಮಳೆಯವರೆಗೆ ತಡವಾದರೆ, ಜೋಳವನ್ನು ಬಿಟ್ಟು ಕಡಲೆಗೋ ಕುಸುಬೆಗೋ ಹೋಗುವುದು ಶ್ರೇಯಸ್ಕರ. ಒಂದೇ ಹೊಲದ ಮೇಲ್ತುದಿಯಲ್ಲಿ ಸಲಾಕೆ ಒಂದು ಅಡಿಗೆ ನಿಂತು ಕೆಳತುದಿಯಲ್ಲಿ ಮೂರು ಅಡಿ ಇಳಿದರೆ ಮೇಲೆ ಕಡಲೆ, ಕೆಳಗೆ ಜೋಳ ಬಿತ್ತಬೇಕು. ಬಿತ್ತಿದ ಮೇಲೆ ಮೂರು ನಾಲ್ಕು ಸಲ ಎಡೆ ಹೊಡೆದು ಬಿರುಕು ಮುಚ್ಚಿ ಮೇಲೆ ಎರಡು ಬೆರಳಿನಷ್ಟು ಪುಡಿಮಣ್ಣಿನ ಹೊದಿಕೆ ಇರಿಸಿದರೆ, ಒಳಗಿನ ತೇವ ಎಳ್ಳಮಾಸಿ ದಾಟಿ ಸಂಕ್ರಾಂತಿಯವರೆಗೂ ಬೇರಿಗೆ ಸಿಗುತ್ತದೆ.